ಶಾಲೆಯ ಹಿತ್ತಲೇ ನಮ್ಮ ಕಾಡು

ಗುಂಡ್ಲುಪೇಟೆ ಕಡೆಯವರು ಅಂದ ಕೂಡಲೇ ಬೆಂಗಳೂರಿನಲ್ಲಿ ಜನ ಕೇಳುವ ಮೊದಲ ಪ್ರಶ್ನೆ, ‘ಹಾಗಾದರೆ ಹುಲಿ ನೋಡಿರಬೇಕಲ್ಲ?’ ಬಂಡೀಪುರ ನಮ್ಮ ತಾಲ್ಲೂಕಿನಲ್ಲೇ ಇದೆ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಹಾಗಾಗಿ ಗಿಡಮರ, ಪ್ರಾಣಿಪಕ್ಷಿಗಳ ಒಡನಾಟ ನಮಗೆ ಹುಟ್ಟಿನಿಂದಲೇ ಬಂದಿದ್ದೆಂದು ಎಲ್ಲರೂ ಅಂದುಕೊಳ್ಳುತ್ತಾರೆ.

ನನ್ನ ವಾರಿಗೆಯವರಿಗೆ ಗೊತ್ತು, ಎಂಬತ್ತರ ದಶಕದ ನಮ್ಮ ಬಾಲ್ಯದಲ್ಲಿ ಕಾಡು ಅಂದರೆ ಹೆದರಿಕೆ. ಫಸಲು ಕೈಗೆ ಬರುವ ಹೊತ್ತಿಗೆ ಜೋಳದ ಹೊಲಕ್ಕೆ ಹಂದಿ ಬೀಳುತ್ತಿತ್ತು, ಆನೆ ಇಳಿಯುತ್ತಿತ್ತು. ಅಪ್ಪಂದಿರು ಅಟ್ಟಣೆ ಮೇಲೆ ಕೂತು ರಾತ್ರಿಯಿಡೀ ತಮಟೆ ಬಡಿದು, ಬೆಳಿಗ್ಗೆ ಕೆಂಪು ಕಣ್ಣು ಹೊತ್ತು ಮನೆಗೆ ಬರುತ್ತಿದ್ದರು. ‘ಕಾಡಂಚಿಗೆ ಕಾಲಿಟ್ಟೀಯಾ ಜೋಕೆ’ ಎಂಬ ಮಾತು ಪ್ರತಿ ಮನೆಯಲ್ಲೂ ಇತ್ತು. ಒಂದು ಜೀವವನ್ನು ಹೆದರಿಕೆಯಿಲ್ಲದೆ, ಅವಸರವಿಲ್ಲದೆ, ಮುಖವಿಟ್ಟು ನೋಡುವುದನ್ನು ನಾವು ಕಲಿತಿದ್ದು ಬಂಡೀಪುರದಲ್ಲಲ್ಲ. ನಮ್ಮ ಸರ್ಕಾರಿ ಶಾಲೆಯ ಹಿತ್ತಲಿನಲ್ಲಿ.

ಆಗಿನ್ನೂ ನಾವು ಮೈಸೂರು ಜಿಲ್ಲೆಯವರು. ಚಾಮರಾಜನಗರ ಜಿಲ್ಲೆಯಾಗಿದ್ದು ಆಮೇಲೆ, 1997ರಲ್ಲಿ. ಶಾಲೆಗೆ ಹೆಂಚಿನ ಮಾಡು, ಉದ್ದನೆಯ ಜಗಲಿ. ಹಿಂದುಗಡೆ ಅರ್ಧ ಎಕರೆಯಷ್ಟು ಜಾಗ. ಕಾಂಪೌಂಡು ಅಂತ ಇದ್ದಿದ್ದು ಕಳ್ಳಿ ಮತ್ತು ಕತ್ತಾಳೆಯ ಬೇಲಿ. ಒಳಗೆ ಎರಡು ಹೊಂಗೆ, ಒಂದು ಬೇವು, ಯಾರು ನೆಟ್ಟರೆಂದು ಊರ ಹಿರಿಯರಿಗೂ ಗೊತ್ತಿಲ್ಲದ ಒಂದು ಹುಣಸೆ ಮರ. ಮಿಕ್ಕಿದ್ದೆಲ್ಲ ತುಂಬೆ, ಎಕ್ಕ, ಉತ್ತರಾಣಿ, ಗರಿಕೆ. ದಕ್ಷಿಣಕ್ಕೆ ತಿರುಗಿದರೆ ಗೋಪಾಲಸ್ವಾಮಿ ಬೆಟ್ಟ, ಮೋಡ ಸರಿದ ದಿನ ಅದರಾಚೆಗೆ ನೀಲಗಿರಿಯ ಸಾಲು.

ಈ ಜಾಗವನ್ನು ಪಾಠದ ಮನೆ ಮಾಡಿದವರು ನಮ್ಮ ವಿಜ್ಞಾನದ ಮೇಷ್ಟ್ರು. ಸಾದಾ ಪಂಚೆ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಮಧ್ಯಾಹ್ನ ಊಟದ ಗಂಟೆ ಕಳೆದ ಮೇಲಿನ ಪೀರಿಯಡ್ಡನ್ನು ಅವರು ಒಳಗೆ ತೆಗೆದುಕೊಂಡಿದ್ದೇ ಕಡಿಮೆ. ‘ಪುಸ್ತಕ ಮಡಗಿ, ಎದ್ದೇಳಿ’ ಎನ್ನುತ್ತಿದ್ದರು. ಅಷ್ಟು ಸಾಕಾಗಿತ್ತು.

ಅವರು ನಮ್ಮನ್ನು ನಾಲ್ಕು ಗುಂಪು ಮಾಡಿ ಕಾವೇರಿ, ಕಪಿಲೆ, ಹೇಮಾವತಿ, ತುಂಗೆ ಎಂದು ಹೆಸರಿಟ್ಟಿದ್ದರು. ಒಂದೊಂದು ಗುಂಪಿಗೂ ಒಂದೊಂದು ಪಾತಿಯ ಸಾಲು. ದಂಟಿನ ಸೊಪ್ಪು, ಬದನೆ, ಅವರೆ, ಟೊಮೆಟೊ, ಅಂಚಿಗೆ ಚೆಂಡುಹೂವು. ನೀರಿಗೆ ಶಾಲೆಯ ಮುಂದಿನ ಕೈಪಂಪು. ಆ ಪಂಪಿನ ಹಿಂದೆ ನಮ್ಮೂರ ಹೆಮ್ಮೆಯೊಂದಿತ್ತು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರೇ. ಬರಪೀಡಿತ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ ರಾಜ್ಯದ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಅವರು ತೀರಿಕೊಂಡಿದ್ದು 1988ರಲ್ಲಿ. ಅಂದು ನಮ್ಮ ಮೇಷ್ಟ್ರು ನಮ್ಮನ್ನೆಲ್ಲ ಪಂಪಿನ ಸುತ್ತ ನಿಲ್ಲಿಸಿ, ‘ಈ ನೀರು ಕುಡಿದೋರೆಲ್ಲ ಅವರಿಗೆ ಸಾಲಗಾರರು ಕನ್ರಪ್ಪ’ ಎಂದಿದ್ದು ಇನ್ನೂ ಕಿವಿಯಲ್ಲಿದೆ.

ಮನೆಯಲ್ಲಿ ನೀರು ಹೊರುವುದು ಹೆಣ್ಣುಮಕ್ಕಳ ಕೆಲಸ. ಶಾಲೆಯಲ್ಲಿ ಹಾಗಿರಲಿಲ್ಲ. ಸರದಿ ಬಂದರೆ ಗೌಡರ ಮಗನೂ ಬಿಂದಿಗೆ ಹೊರಬೇಕು, ಕೂಲಿಯವರ ಮಗಳೂ ಪಂಪು ಹೊಡೆಯಬೇಕು. ಎಲ್ಲ ಕೇರಿಯ ಮಕ್ಕಳ ಕೈಯೂ ಒಂದೇ ಹಿಡಿಯನ್ನು ಹಿಡಿಯುತ್ತಿತ್ತು. ಕೈಕಾಲು ತೊಳೆದ ನೀರು ಹರಿದು ಹೋಗುವಲ್ಲಿ ಸಣ್ಣ ಕಾಲುವೆ ತೋಡಿ, ಬಾಳೆ ಬುಡಕ್ಕೆ ತಿರುಗಿಸಿದ್ದೆವು. ಯಾರೂ ಅದಕ್ಕೆ ದೊಡ್ಡ ಹೆಸರು ಕೊಡಲಿಲ್ಲ.

ಮೊದಲ ಪಾಠ ಮಣ್ಣಿನದು. ನಮ್ಮ ಸೀಮೆಯಲ್ಲಿ ಕೆಂಪು ಭೂಮಿಯೂ ಉಂಟು, ಎರೆಭೂಮಿಯೂ ಉಂಟು. ಮೇಷ್ಟ್ರು ಎರಡೂ ಬಗೆಯ ಮಣ್ಣನ್ನು ನಮ್ಮಿಂದಲೇ ತರಿಸಿದರು. ಹಳೆಯ ಹಾರ್ಲಿಕ್ಸ್ ಬಾಟಲಿಗಳಿಗೆ ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿಸಿ ಜಗಲಿಯ ಮೇಲಿಟ್ಟರು. ನೋಡನೋಡುತ್ತಿದ್ದಂತೆ ಮರಳು ತಳಕ್ಕೆ ಕೂತಿತು, ಅದರ ಮೇಲೆ ನಯವಾದ ಗೋಡು. ಕೆಂಪು ಮಣ್ಣಿನ ಬಾಟಲಿ ಬೇಗ ತಿಳಿಯಾಯಿತು. ಎರೆಮಣ್ಣಿನದು ಮರುದಿನವೂ ಬಗ್ಗಡವಾಗೇ ಇತ್ತು. ಎರೆಹೊಲ ಯಾಕೆ ನೀರು ಹಿಡಿದಿಡುತ್ತದೆ, ಮಳೆ ಬಿದ್ದರೆ ಯಾಕೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಯಾಕೆ ಬಾಯಿ ಬಿಡುತ್ತದೆ ಎಂಬುದೆಲ್ಲ ಆ ಬಾಟಲಿಯ ಮುಂದೆ ನಿಂತೇ ಅರ್ಥವಾಗಿತ್ತು. ಅಪ್ಪ ಹೊಲ ನೋಡಿ ಆಡುತ್ತಿದ್ದ ಮಾತಿಗೂ ಶಾಲೆಯ ಪಾಠಕ್ಕೂ ನಂಟಿದೆ ಎಂದು ಗೊತ್ತಾಗಿದ್ದು ಆಗಲೇ.

ಆಮೇಲೆ ಬೀಜ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಒಂದರಲ್ಲಿ ಅವರೆ, ಇನ್ನೊಂದರಲ್ಲಿ ಜೋಳ. ಅವರೆ ತನ್ನೆರಡು ಬೇಳೆಗಳನ್ನು ಹೊತ್ತುಕೊಂಡೇ ಮೇಲೆದ್ದಿತು. ಜೋಳ ಒಂದೇ ಎಲೆಯನ್ನು ಸೂಜಿಯಂತೆ ಸುತ್ತಿಕೊಂಡು ಬಂತು. ಒಂದಷ್ಟು ಕಾಳನ್ನು ಬೇಕೆಂದೇ ತಲೆಕೆಳಗಾಗಿ ಊರಿಸಿದ್ದರು. ಕೆಲ ದಿನ ಕಳೆದು ಕಿತ್ತು ನೋಡಿದರೆ, ಮೇಲಕ್ಕೆ ಹೊರಟಿದ್ದ ಬೇರು ಬಾಗಿ ಸುತ್ತಿ ಕೆಳಕ್ಕೇ ಇಳಿದಿತ್ತು. ‘ಇದಕ್ಕೆ ದಾರಿ ಯಾರು ಹೇಳಿದ್ರು?’ ಎಂದು ಕೇಳಿ ಮೇಷ್ಟ್ರು ಸುಮ್ಮನಾದರು. ಉತ್ತರವನ್ನು ಅವರು ತಕ್ಷಣ ಹೇಳುತ್ತಿರಲಿಲ್ಲ. ಒಂದೆರಡು ದಿನ ನಮ್ಮನ್ನು ತಲೆ ಕೆಡಿಸಿಕೊಳ್ಳಲು ಬಿಡುತ್ತಿದ್ದರು.

ಹಿತ್ತಲಿನ ಮೂಲೆಯಲ್ಲಿದ್ದ ಎಕ್ಕದ ಗಿಡವನ್ನು ಅವರು ಯಾರಿಗೂ ಕೀಳಲು ಬಿಟ್ಟಿರಲಿಲ್ಲ. ಒಮ್ಮೆ ಅದರ ಸುತ್ತ ನಮ್ಮನ್ನು ಕೂರಿಸಿದರು. ಎಲೆಯ ತಳಭಾಗದಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿ ಮೊಟ್ಟೆ, ಒಂದು ಎಲೆಗೆ ಒಂದೇ. ಕೆಲವೇ ದಿನಗಳಲ್ಲಿ ಅದರಿಂದ ಹೊರಬಂದ ಮರಿ ಮೊದಲು ತಿಂದಿದ್ದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಬೆಳೆಯುತ್ತ ಬೆಳೆಯುತ್ತ ಮೈಗೆ ಕಪ್ಪು ಬಿಳಿ ಪಟ್ಟೆ, ನಡುವೆ ಹಳದಿ ಚುಕ್ಕಿ, ಬೆನ್ನ ಮೇಲೆ ಮೂರು ಜೊತೆ ಕರಿ ಕೊಂಬು ಬಂದವು. ನಾವು ಬೆರಗಾಗಿದ್ದು ಅದು ಉಣ್ಣುವ ರೀತಿಗೆ. ಎಕ್ಕದ ಎಲೆ ಕಚ್ಚಿದರೆ ಹಾಲು ಉಕ್ಕಿ ಬಾಯಿ ಅಂಟಿಕೊಳ್ಳುತ್ತದೆ. ಹಾಗಾಗಿ ಹುಳು ಮೊದಲು ಎಲೆಯ ನರವನ್ನು ಕಡಿದು, ಹಾಲು ಮುಂದಕ್ಕೆ ಬಾರದಂತೆ ಮಾಡಿ, ಆಮೇಲೆ ತಿನ್ನಲು ಕೂರುತ್ತಿತ್ತು. ಗಿಡದ ಆ ವಿಷವೇ ಹುಳುವಿನ ಮೈಯಲ್ಲಿ ಉಳಿದು, ಮುಂದೆ ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಅದನ್ನು ಕಾಯುತ್ತದೆ ಎಂದು ಮೇಷ್ಟ್ರು ಹೇಳಿದಾಗ ನಾವು ಪಿಟ್ಟೆನ್ನಲಿಲ್ಲ.

‘ಮುಟ್ಟಿ ನೋಡ್ಲಾ, ಕಚ್ಚದಿಲ್ಲ’ ಎಂದು ಅವರು ಹುಳುವನ್ನು ನಮ್ಮ ಅಂಗೈಗೆ ಹತ್ತಿಸಿದರು. ತಣ್ಣಗಿನ ಪುಟ್ಟ ಪಾದಗಳು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ನಡೆದಿದ್ದು ಇಂದಿಗೂ ಚರ್ಮಕ್ಕೆ ನೆನಪಿದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಆಮೇಲೆ ಎಲ್ಲರೂ ಪಂಪಿನ ಹತ್ತಿರ ಸೋಪು ಹಾಕಿ ಕೈ ತೊಳೆದು ತೋರಿಸಬೇಕಿತ್ತು. ಹುಳು ಎಲೆಯ ಅಡಿಗೆ ತಲೆಕೆಳಗಾಗಿ ಜೋತು ಹಸಿರು ಕೋಶವಾಯಿತು. ಅದರ ಮೈಮೇಲೆ ಚಿನ್ನದ ಚುಕ್ಕಿಗಳು. ಅಂಥ ಕೋಶಗಳನ್ನು ಕಾಯಲು ಸರದಿ ಹಾಕಿಕೊಂಡೆವು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕೋಶ ಒಡೆದು, ಮುದುರಿದ ರೆಕ್ಕೆಯ ಜೀವವೊಂದು ಹೊರಬಂತು. ನಮ್ಮ ಕಣ್ಣೆದುರೇ ರೆಕ್ಕೆ ಹಿಗ್ಗಿ ಕಿತ್ತಳೆ ಬಣ್ಣ ತಾಳಿತು. ಅಂದಿನ ಪ್ರಾರ್ಥನೆ ತಡವಾಯಿತು, ಹೆಡ್‌ಮಾಸ್ಟರೂ ನಮ್ಮ ಜೊತೆಗೇ ನಿಂತಿದ್ದರು. ಎಕ್ಕ ಬರೀ ಆಂಜನೇಯನ ಹಾರಕ್ಕೆ ಎಂದುಕೊಂಡಿದ್ದ ನಮಗೆ, ಬೇಡದ ಗಿಡ ಎಂಬುದೇ ಇಲ್ಲ ಅನ್ನುವುದು ಮನಸ್ಸಿಗೆ ಇಳಿಯಿತು.

ನಮ್ಮ ತರಗತಿಯಲ್ಲಿ ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಒಬ್ಬ ಜೇನುಕುರುಬರ ಹುಡುಗನಿದ್ದ. ಲೆಕ್ಕದಲ್ಲಿ ಹಿಂದೆ, ಕೊನೆಯ ಸಾಲಿನಲ್ಲಿ ಮಾತಿಲ್ಲದೆ ಕೂರುವವನು. ಒಂದು ದಿನ ಶಾಲೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆಯೊಂದು ಹೊರಗೆ ಚಾಚಿಕೊಂಡಿದ್ದನ್ನು ಅವನೇ ತೋರಿಸಿದ. ನಸರು ಜೇನು. ನೊಣದಷ್ಟೂ ದೊಡ್ಡದಿಲ್ಲದ ಕರಿ ಹುಳುಗಳು, ಕೊಳವೆಯ ಬಾಯಿಯ ಸುತ್ತ ಕಾವಲು ನಿಂತಿದ್ದವು. ಇವಕ್ಕೆ ಚುಚ್ಚುವ ಕೊಂಡಿಯಿಲ್ಲ, ಮೂಗು ತಾಗುವಷ್ಟು ಹತ್ತಿರ ಹೋದರೂ ಭಯವಿಲ್ಲ ಎಂದ. ಹೆಜ್ಜೇನು, ತುಡುವೆ, ಕೋಲುಜೇನು, ನಸರು ಎಂದು ನಾಲ್ಕನ್ನೂ ಬೇರೆ ಮಾಡಿ, ಯಾವುದು ಎಲ್ಲಿ ಗೂಡು ಕಟ್ಟುತ್ತದೆ, ಯಾವ ಹೂವಿನ ಕಾಲಕ್ಕೆ ಯಾವ ರುಚಿ ಎಂದು ಅವನು ಹೇಳುತ್ತ ಹೋದ. ಮೇಷ್ಟ್ರು ಅವನನ್ನು ತಮ್ಮ ಜಾಗದಲ್ಲಿ ನಿಲ್ಲಿಸಿ ತಾವು ನಮ್ಮ ಜೊತೆ ನೆಲದ ಮೇಲೆ ಕೂತರು. ಆ ಮಧ್ಯಾಹ್ನದ ನಂತರ ಅವನು ಕೊನೆಯ ಸಾಲಿನವನಾಗಿ ಉಳಿಯಲಿಲ್ಲ. ಜಿಲ್ಲೆಯ ಇನ್ನೊಂದು ತುದಿಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲಿ ಸೋಲಿಗರ ಮಕ್ಕಳಿಗಾಗಿಯೇ ಶಾಲೆ ನಡೆಯಿತು. ಅದನ್ನು ಕೇಳಿದಾಗಲೆಲ್ಲ ನನಗೆ ಈ ಗೆಳೆಯ ನೆನಪಾಗುತ್ತಾನೆ. ಹಾಡಿಯ ಮಕ್ಕಳು ತರುವ ತಿಳಿವಳಿಕೆಗೆ ಜಾಗ ಕೊಡುವ ಶಾಲೆ ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ವನಮಹೋತ್ಸವದ ಮಾತನ್ನು ಹೇಳಲೇಬೇಕು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ ಶುರು ಮಾಡಿದ ಈ ಹಬ್ಬ ಜುಲೈ ಮೊದಲ ವಾರದ್ದು. ಮಲೆನಾಡಿಗೆ ಅದು ಸರಿಯಾದ ಕಾಲ. ನಮ್ಮದು ಮಳೆಯ ನೆರಳಿನ ಸೀಮೆ. ಪಶ್ಚಿಮಘಟ್ಟ, ನೀಲಗಿರಿಗಳನ್ನು ದಾಟಿ ಬರುವಷ್ಟರಲ್ಲಿ ಮುಂಗಾರಿನ ಮೋಡ ಬರಿದಾಗಿರುತ್ತದೆ. ಆಷಾಢದಲ್ಲಿ ನಮಗೆ ಸಿಗುವುದು ಬೀಸುಗಾಳಿ, ಹನಿ ತುಂತುರು. ಭೂಮಿ ನೆನೆಯುವ ಮಳೆ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ಸಸಿಗಳು ಬಂದಾಗ ಭಾಷಣ ಎಲ್ಲ ಮುಗಿಸಿ, ಶಾಸ್ತ್ರಕ್ಕೆ ಒಂದೆರಡನ್ನು ನೆಟ್ಟು, ಮಿಕ್ಕಿದ್ದನ್ನು ಮೇಷ್ಟ್ರು ಹೊಂಗೆಯ ನೆರಳಿನಲ್ಲಿ ಒತ್ತಾಗಿ ಜೋಡಿಸಿಡಿಸುತ್ತಿದ್ದರು. ದಿನಾ ನೀರು ಚಿಮುಕಿಸಿ ಅವನ್ನು ಸಾಕಿ, ಉತ್ತರೆ ಮಳೆ ಹಿಡಿದ ಮೇಲೆ ಗುಂಡಿಗೆ ಇಳಿಸುತ್ತಿದ್ದೆವು. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಮುಗಿಯುವ ಹೊತ್ತಿಗೆ ಬೇರು ಹಿಡಿದಿರುತ್ತಿತ್ತು. ಸುತ್ತ ಜಾಲಿ ಮುಳ್ಳಿನ ಬೇಲಿ, ಬುಡಕ್ಕೆ ಒಣಗಿದ ಎಲೆಯ ಹೊದಿಕೆ, ಬೇಸಿಗೆಗೆ ಪಕ್ಕದಲ್ಲಿ ಹೂತಿಟ್ಟ ತೂತುಗಡಿಗೆಯ ನೀರು. ನೇರಳೆ, ಹೊಂಗೆ, ಅತ್ತಿ, ನೆಲ್ಲಿ, ಬಾಗೆ ಬದುಕಿದ್ದು ಹಾಗೆ. ಮರ ನೆಡಲು ಕ್ಯಾಲೆಂಡರ್ ಸಾಲದು, ಊರಿನ ಮಳೆ ಗೊತ್ತಿರಬೇಕು ಎಂಬುದನ್ನು ಹನ್ನೆರಡನೇ ವಯಸ್ಸಿಗೇ ನಾವು ಕಲಿತಿದ್ದೆವು.

ತರಗತಿಯ ಮೂಲೆಯಲ್ಲಿ ಒಂದು ದಪ್ಪ ನೋಟ್‌ಬುಕ್ ನೇತಾಡುತ್ತಿತ್ತು. ಅದರಲ್ಲಿ ಪ್ರತಿದಿನ ಯಾರಾದರೊಬ್ಬರು ತಾವು ನೋಡಿದ್ದನ್ನು ಬರೆಯಬೇಕು. ಓದಿದ್ದು, ಕೇಳಿದ್ದು ಬೇಡ, ಕಣ್ಣಾರೆ ಕಂಡಿದ್ದು ಮಾತ್ರ. ಬಯಲಿನಲ್ಲಿ ಟಿಟ್ಟಿಭ ಕೂಗಿದ್ದು, ಚಂದ್ರಮುಕುಟ ಉದ್ದ ಕೊಕ್ಕಿನಿಂದ ನೆಲ ಕುಕ್ಕಿದ್ದು, ಜಗಲಿಯಂಚಿನ ಹುಡಿಮಣ್ಣಿನಲ್ಲಿ ಕುಳಿಹುಳು ಬಟ್ಟಲಿನ ಆಕಾರದ ಗುಂಡಿ ತೋಡಿ ಇರುವೆಗೆ ಕಾದಿದ್ದು, ಶಿವರಾತ್ರಿಯ ಹೊತ್ತಿಗೆ ಮುತ್ತುಗ ಕೆಂಪಾಗಿದ್ದು, ಯುಗಾದಿಗೆ ಮುಂಚೆ ಹೊಂಗೆ ಎಲೆ ಉದುರಿಸಿ ಮತ್ತೆ ಚಿಗುರಿದ್ದು. ವರ್ಷದಿಂದ ವರ್ಷಕ್ಕೆ ಆ ಪುಸ್ತಕ ಮುಂದಿನ ತರಗತಿಗೆ ಹೋಗುತ್ತಿತ್ತು. ಹಿಂದಿನವರು ಬರೆದಿದ್ದನ್ನು ನೋಡಿ, ಈ ಸಲ ಮುತ್ತುಗ ಬೇಗ ಹೂಬಿಟ್ಟಿದೆ ಎಂದು ನಾವೇ ಲೆಕ್ಕ ಹಾಕುತ್ತಿದ್ದೆವು. ಈಗ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ತಾವು ಆರಿಸಿಕೊಂಡ ಮರವನ್ನು ವಾರವಾರ ನೋಡಿ ಎಲೆ, ಹೂವು, ಕಾಯಿಗಳ ವಿವರ ದಾಖಲಿಸುತ್ತಾರೆ. ನಮ್ಮ ಗಡಿಯಾಚೆಯ ಕೇರಳದ ಮಕ್ಕಳು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿ ತೊಡಗಿದ್ದಾರೆಂದು ಓದಿದಾಗ ನಮ್ಮ ನೋಟ್‌ಬುಕ್ ನೆನೆದು ಎದೆ ತುಂಬಿ ಬಂತು.

ವರ್ಷಕ್ಕೊಮ್ಮೆ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. 1454 ಮೀಟರ್ ಎತ್ತರದ ಆ ಬೆಟ್ಟ ಏರುತ್ತ ಏರುತ್ತ ನಮ್ಮ ಹಿತ್ತಲಿನ ಗಿಡಗಳು ಒಂದೊಂದಾಗಿ ಹಿಂದೆ ಉಳಿದು, ಮೇಲೆ ಬರೀ ಹುಲ್ಲು, ಕಣಿವೆಯಲ್ಲಿ ದಟ್ಟ ಕಾಡು, ಮೈಗೆ ಮಂಜು. ಏನು ಬದಲಾಯಿತು ಎಂದು ನಾವೇ ಹೇಳಬಲ್ಲವರಾಗಿದ್ದೆವು, ಯಾಕೆಂದರೆ ಕೆಳಗೆ ಏನಿದೆ ಎಂದು ನಮಗೆ ಕೈ ಮುಟ್ಟಿ ಗೊತ್ತಿತ್ತು. ಹಿತ್ತಲು ತಿಳಿದವನಿಗೆ ಮಾತ್ರ ಬೆಟ್ಟ ಮಾತಾಡುತ್ತದೆ.

ಇದನ್ನೆಲ್ಲ ನಮ್ಮ ಮೇಷ್ಟ್ರು ಹೊಸದಾಗಿ ಕಂಡುಹಿಡಿದರು ಎನ್ನುವಂತಿಲ್ಲ, ಅವರೂ ಹಾಗೆ ಹೇಳಿಕೊಳ್ಳಲಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕೆಲಸದ ಮೂಲಕವೇ ಕಲಿಕೆ ನಡೆಯಬೇಕಿತ್ತು. ಚರಕದ ಜೊತೆ ತೋಟಕ್ಕೂ ಅಲ್ಲಿ ಜಾಗವಿತ್ತು. ಶಾಂತಿನಿಕೇತನದಲ್ಲಿ ಟಾಗೋರರು ಮರದಡಿ ಪಾಠ ನಡೆಸಿ, 1928ರಲ್ಲಿ ಗಿಡ ನೆಡುವುದನ್ನೇ ಶಾಲೆಯ ಹಬ್ಬ ಮಾಡಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು, ಲೋಕವನ್ನೆಲ್ಲ ಮಕ್ಕಳ ಮುಂದಿಡುವ ‘ಬಾಲಪ್ರಪಂಚ’ ಬರೆದರು. ಆ ಹಿರಿಯರ ಹಾದಿ ಗುಂಡ್ಲುಪೇಟೆ ಸೀಮೆಯ ಒಂದು ಹೆಂಚಿನ ಶಾಲೆಯ ತನಕ ಬಂದಿತ್ತು ಎಂಬುದೇ ನಮ್ಮ ಭಾಗ್ಯ.

1991ರಲ್ಲಿ ಸುಪ್ರೀಂ ಕೋರ್ಟು, ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ, ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಅದು ದೊಡ್ಡ ತೀರ್ಪು. ಪುಸ್ತಕಗಳಿಗೆ ಪರಿಸರ ಬಂತು, ಪ್ರಶ್ನೆಪತ್ರಿಕೆಗೂ ಬಂತು. ಬಹಳಷ್ಟು ಕಡೆ ಅಲ್ಲಿಗೇ ನಿಂತಿತು. ಆಹಾರ ಸರಪಳಿಯ ಚಿತ್ರ ಬರೆದು ಪೂರ್ಣ ಅಂಕ ಪಡೆಯುವ ಮಗು ಎಕ್ಕದ ಎಲೆ ತಿರುಗಿಸಿ ನೋಡಿರುವುದಿಲ್ಲ. ಅರಣ್ಯ ಇಲಾಖೆಯ ‘ಮಗುವಿಗೊಂದು ಮರ, ಶಾಲೆಗೊಂದು ವನ’ ಇದೆ. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ‘ಚಿಣ್ಣರ ವನದರ್ಶನ’ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಇರಲಿ ಎನ್ನುತ್ತದೆ. ಎಲ್ಲವೂ ಬೇಕಾದವೇ. ಆದರೆ ಕಾಡಿಗೆ ಹೋಗಿ ಬರುವ ಒಂದು ದಿನ ಹಿಗ್ಗು ಕೊಡುತ್ತದೆ, ನಂಟು ಕೊಡುವುದಿಲ್ಲ. ನಂಟು ಬೆಳೆಯುವುದು ದಿನಾ ನೀರು ಹೊತ್ತಾಗ, ನೆಟ್ಟಿದ್ದು ಬಾಡಿದಾಗ ಸಂಕಟವಾದಾಗ, ಮತ್ತೆ ಚಿಗುರಿದಾಗ ಓಡಿ ಬಂದು ಹೇಳಿದಾಗ.

ನಮ್ಮ ತರಗತಿಯ ಗೆಳೆಯರು ಇಂದು ಎಲ್ಲೆಲ್ಲೋ ಇದ್ದಾರೆ. ಒಬ್ಬ ಅರಿಶಿನ, ಸಣ್ಣ ಈರುಳ್ಳಿ ಬೆಳೆಯುತ್ತಾನೆ, ಹೊಲದ ಬದುವಿನ ಹೊಂಗೆಯನ್ನು ಯಾರು ಎಷ್ಟು ಕೇಳಿದರೂ ಕಡಿಯಲು ಕೊಟ್ಟಿಲ್ಲ. ಒಬ್ಬಳು ದಾದಿಯಾಗಿದ್ದಾಳೆ, ಆಸ್ಪತ್ರೆಯ ಖಾಲಿ ಜಾಗದಲ್ಲಿ ಕರಿಬೇವು, ನುಗ್ಗೆ ಎಬ್ಬಿಸಿದ್ದಾಳೆ. ಹಾಡಿಯ ಗೆಳೆಯ ಅರಣ್ಯ ಇಲಾಖೆಯಲ್ಲಿ ವಾಚರ್ ಆದ. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಾಗ ಅವನು ಹಗಲೂ ರಾತ್ರಿ ಬೆಂಕಿಯ ಮುಂದಿದ್ದ. ನಮ್ಮಲ್ಲಿ ಊರಿನಲ್ಲಿದ್ದ ಕೆಲವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಅವನ ಜೊತೆಗೆ ಹೋದರು. ಕಾಡೆಂದರೆ ಹೆದರುತ್ತಿದ್ದ ಮಕ್ಕಳು ಕಾಡು ಉಳಿಸಲು ಹೋಗಿದ್ದು ನನ್ನ ಪಾಲಿಗೆ ನಮ್ಮ ಮೇಷ್ಟ್ರ ಪರೀಕ್ಷೆಯ ಫಲಿತಾಂಶ.

ಈಗ ಓಣಂ ಹತ್ತಿರ ಬಂದರೆ ನಮ್ಮ ಹೆದ್ದಾರಿಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಕೇರಳದ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಊರು ಚೆನ್ನಾಗಿ ಕಾಣುತ್ತದೆ, ಸಂತೋಷ. ಆದರೆ ಹಲವು ಶಾಲೆಗಳ ಅಂಗಳ ನೋಡಿದರೆ ಬೇಸರವಾಗುತ್ತದೆ. ಬೇಲಿ ಹೋಗಿ ಗೋಡೆ ಬಂದಿದೆ, ಹಿತ್ತಲಿಗೆ ಸಿಮೆಂಟು ಬಿದ್ದಿದೆ, ಉಳಿದ ಕಡೆ ಇಂಟರ್‌ಲಾಕ್ ಟೈಲ್ಸ್. ಕಾಲಿಗೆ ಕೆಸರಾಗುವುದಿಲ್ಲ, ಗುಡಿಸಲು ಸುಲಭ. ಮಗುವಿಗೆ ಕೆದಕಲು ಮಾತ್ರ ಒಂದು ಹಿಡಿ ಮಣ್ಣಿಲ್ಲ.

ಆದ್ದರಿಂದ ನಮ್ಮ ಸೀಮೆಯ ಎಲ್ಲ ಶಾಲೆಗಳ ಮೇಷ್ಟ್ರು, ಮೇಡಮ್ಮುಗಳಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಅಂಗಳದಲ್ಲಿ ಒಂದು ಮೂಲೆಯನ್ನಾದರೂ ಮಣ್ಣಾಗಿಯೇ ಬಿಡಿ. ಅಲ್ಲೊಂದು ಎಕ್ಕ, ಒಂದು ಕರಿಬೇವು, ಒಂದು ಕಕ್ಕೆ ಇರಲಿ. ಚಿಟ್ಟೆಗಳು ತಾವಾಗಿ ಬರುತ್ತವೆ. ಅಕ್ಷರ ದಾಸೋಹದ ಸಾರಿಗೆ ಬೀಳುವ ಸೊಪ್ಪಿನಲ್ಲಿ ಒಂದು ಹಿಡಿಯಾದರೂ ಮಕ್ಕಳು ಬೆಳೆದಿದ್ದಿರಲಿ. ಜುಲೈನಲ್ಲಿ ಬಂದ ಸಸಿಯನ್ನು ನೆರಳಿನಲ್ಲಿ ಸಾಕಿ, ಉತ್ತರೆ ಮಳೆಗೆ ನೆಡಿ. ಶಾಲೆಗೆ ಏನಾದರೂ ಕೊಡಬೇಕೆಂದು ಬರುವ ಹಳೆಯ ವಿದ್ಯಾರ್ಥಿಗಳು ಗೋಡೆಗೆ ಹೆಸರು ಬರೆಸುವ ಮೊದಲು ಒಂದು ಭೂತಗನ್ನಡಿ, ಒಂದು ದಪ್ಪ ನೋಟ್‌ಬುಕ್, ನಾಲ್ಕು ಬಿಂದಿಗೆ ಕೊಡಿಸಿ. ಖರ್ಚು ಕಡಿಮೆ, ಫಲ ಬದುಕಿನುದ್ದಕ್ಕೂ ಬರುತ್ತದೆ. ಇದು ನಾವು ಉಂಡು ತಿಳಿದ ಮಾತು.